ಗಲ್ಲಾ ಬಿಟ್ಟು ಮುಸುರೆ ತೊಟ್ಟಿಯ ಮುಂದೆ

1979ರಲ್ಲಿ ಏಳನೆಯ ತರಗತಿ ಮುಗಿಸಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಹೋದ ನಾನು, ಅಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವನು. ಹೋಟೆಲುಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಗೆ ನಿಷೇಧ ಬಂದದ್ದು 2006ರಲ್ಲಿ; ನಮ್ಮ ಕಾಲಕ್ಕೆ ಅದು ಊರೂರಿನ ಬಡ ಮನೆಗಳ ಸಾಮಾನ್ಯ ದಾರಿಯಾಗಿತ್ತು. ಕ್ಲೀನರ್ ಆಗಿ ಸೇರಿದವನು ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕುಳಿತರೆ ಊರಿನಲ್ಲಿ ಅವನಿಗೆ ಹೆಣ್ಣು ಕೊಡುತ್ತಿದ್ದರು. ಹಾಗೆ ಹತ್ತಿ ಬಂದವರಲ್ಲಿ ನಾನೂ ಒಬ್ಬ. ಬೆಂಗಳೂರಿನಲ್ಲಿ ನನ್ನದೇ ದರ್ಶಿನಿ ತೆರೆದ ಮೇಲೆ ಹನ್ನೆರಡು ವರ್ಷ ನಾನು ಒಂದು ಲೋಟವನ್ನೂ ತೊಳೆದವನಲ್ಲ.

ಒಂದು ಭಾನುವಾರ ಬೆಳಿಗ್ಗೆ, ಜಾತ್ರೆಗೆಂದು ಊರಿಗೆ ಹೋದ ಇಬ್ಬರು ಕ್ಲೀನರ್‌ಗಳು ಹಿಂತಿರುಗದೆ, ಎಂಟೂವರೆಯ ಹೊತ್ತಿಗೆ ಕೌಂಟರಿನಲ್ಲಿ ಪ್ಲೇಟುಗಳೇ ಇಲ್ಲದಂತಾಯಿತು. ಇಡ್ಲಿ ಕೊಡುತ್ತಿದ್ದ ಹುಡುಗನನ್ನು ಕರೆದು ತೊಳೆಯಲು ಹೇಳಿದೆ. “ನಾನು ಕೌಂಟರಿಗೆ ಸೇರಿದವನು ಸಾರ್, ಮುಸುರೆಗಲ್ಲ” ಎಂದ. ಬೈಯಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಮುಂಬಯಿಯಲ್ಲಿ ಸಪ್ಲೈಯರ್ ಆದ ಮೊದಲ ವಾರ ಇದೇ ಮಾತನ್ನು ನಾನೂ ಹೇಳಿದ್ದೆ. ಗಲ್ಲಾದ ಬೀಗದ ಕೈಯನ್ನು ಮಗನಿಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿಕೊಂಡು ಹಿಂದಿನ ಬಾಗಿಲಿನ ಆಚೆ ಹೋದೆ. ಅಲ್ಲಿ ರಾಯಚೂರು ಕಡೆಯ ಒಬ್ಬ ಹೆಂಗಸು ಒಬ್ಬರೇ ತೊಳೆಯುತ್ತಿದ್ದರು. “ಬಿಡ್ರೀ ಸಾವ್ಕಾರ್ರ, ಇದು ನಿಮ್ ಕೈಲೆ ಆಗೂದಲ್ಲ” ಎಂದು ನಕ್ಕರು.

ಅವರ ಮಾತು ಬಹುಮಟ್ಟಿಗೆ ನಿಜವಾಯಿತು. ಸಾಂಬಾರಿನ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ, ಅಂಚಿನಲ್ಲಿ ಒಣಗಿದ ಚಟ್ನಿಯನ್ನು ಉಗುರಿನಿಂದಲೇ ಕೆರೆಯಬೇಕು, ತೊಟ್ಟಿ ತಗ್ಗಿನಲ್ಲಿದ್ದುದರಿಂದ ಅರ್ಧ ಗಂಟೆಗೆ ಸೊಂಟ ಹಿಡಿದುಕೊಂಡಿತು. ಎಲ್ಲಕ್ಕಿಂತ ನನ್ನನ್ನು ನಾಚಿಸಿದ್ದು ಬಲ್ಬು. ಅದು ತೊಳೆಯುವವರ ಬೆನ್ನ ಹಿಂದಿನ ಗೋಡೆಯಲ್ಲಿತ್ತು; ಕೈಯಲ್ಲಿ ಹಿಡಿದ ಪ್ಲೇಟಿನ ಮೇಲೆ ಕಾಣುತ್ತಿದ್ದುದು ನನ್ನದೇ ನೆರಳು. ಕೊಳೆ ಉಳಿದ ತಟ್ಟೆ ಬಂದಾಗಲೆಲ್ಲ “ಕಣ್ಣು ಕಾಣುವುದಿಲ್ಲವೇ” ಎಂದು ಹನ್ನೆರಡು ವರ್ಷ ಗಲ್ಲಾದಿಂದಲೇ ಕೂಗಿದ್ದೆನಲ್ಲ, ನಿಜಕ್ಕೂ ಅಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಲಾಲ್‌ಬಾಗ್ ಬಳಿಯ ಮಾವಳ್ಳಿ ಟಿಫಿನ್ ರೂಮಿನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡೇ ಒಳಗೆ ಹೋಗುವ ಪದ್ಧತಿಯಿದ್ದುದನ್ನು ನಮ್ಮ ಕಸುಬಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನ್ನ ಹೋಟೆಲಿನಲ್ಲಿ ಯಜಮಾನನೇ ನೋಡದ ಒಂದು ಮೂಲೆಯಿತ್ತು.

ಆ ವಾರವೇ ಬಲ್ಬನ್ನು ಮುಂದಿನ ಗೋಡೆಗೆ ಹಾಕಿಸಿ, ತೊಟ್ಟಿಯನ್ನು ಒಂದು ಗೇಣು ಎತ್ತರಿಸಿ, ಬಿಸಿನೀರಿನ ನಲ್ಲಿ ಕೊಡಿಸಿದೆ. ರಬ್ಬರ್ ಕೈಗವಸನ್ನೂ ತಂದುಕೊಟ್ಟೆ, ಪ್ಲೇಟ್ ಜಾರುತ್ತದೆಂದು ಆ ಹೆಂಗಸು ಅದನ್ನು ಮೊಳೆಗೆ ನೇತುಹಾಕಿದರು. ದಿನಕ್ಕೊಂದು ಗಂಟೆ ನಾನೇ ತೊಳೆಯುವುದೆಂದೂ ನಿಶ್ಚಯಿಸಿದೆ. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಯಾರೋ ಗಿರಾಕಿ ಮೊಬೈಲಿನಲ್ಲಿ ನನ್ನ ಚಿತ್ರ ತೆಗೆದು ಹೊಗಳಿದರು. ಅದು ರುಚಿಸಿ, ಹೆಚ್ಚು ಜನರಿರುವ ಹೊತ್ತಿನಲ್ಲೇ, ಬಾಗಿಲು ತೆರೆದಿಟ್ಟು ತೊಳೆಯತೊಡಗಿದೆ. ಒಳಗಿನ ಹುಡುಗರು ನನ್ನನ್ನು ಕಾವಲಿಗೆ ನಿಂತವನೆಂದು ತಿಳಿದು ಮಾತು ನಿಲ್ಲಿಸಿದ್ದರು. ವಾರ ಕಳೆದ ಮೇಲೆ ಆ ಹೆಂಗಸೇ ಹೇಳಿದರು: “ನೀವು ಈಗ ಪ್ಲೇಟ್ ನೋಡವಲ್ರಿ ಸಾವ್ಕಾರ್ರ, ಮಂದೀನ ನೋಡಾಕತ್ತೀರಿ.” ಮರುದಿನದಿಂದ ನನ್ನ ಸರದಿಯನ್ನು ಷಟರ್ ಎಳೆದ ಮೇಲಿನ ಹೊತ್ತಿಗೆ, ರಾತ್ರಿ ಹತ್ತಕ್ಕೆ, ಬದಲಾಯಿಸಿಕೊಂಡೆ.

ಆದರೆ ಯಜಮಾನ ತಟ್ಟೆ ತೊಳೆದ ಮಾತ್ರಕ್ಕೆ ಮುಸುರೆಯ ಕೆಲಸಕ್ಕೆ ಮರ್ಯಾದೆ ಬಂದುಬಿಡುವುದಿಲ್ಲ, ಏಕೆಂದರೆ ಅವನು ಬೇಕೆಂದಾಗ ಕೈ ಒರೆಸಿಕೊಂಡು ಗಲ್ಲಾಕ್ಕೆ ಹೋಗಬಲ್ಲ. ಕ್ಲೀನರ್‌ಗಳಿಗೆ ಕೌಂಟರಿನವರಿಗಿಂತ ಸಂಬಳ ಕಡಿಮೆಯಿತ್ತು, ಊಟವೂ ಎಲ್ಲರದ್ದು ಮುಗಿದ ಮೇಲೆ. ಸಂಬಳವನ್ನು ಸಮ ಮಾಡಿದೆ, ಊಟಕ್ಕೆ ಒಟ್ಟಿಗೆ ಕೂರುವ ಕ್ರಮ ತಂದೆ. ಕೌಂಟರಿನ ಒಬ್ಬ ಹುಡುಗ ಇದೇ ಕಾರಣಕ್ಕೆ ಕೆಲಸ ಬಿಟ್ಟ. ಉಳಿದವರಲ್ಲಿ ಇಬ್ಬರು, ನಾನು ಹೇಳದೆಯೇ, ಜನ ಕಡಿಮೆಯಿರುವ ಮಧ್ಯಾಹ್ನದಲ್ಲಿ ತೊಟ್ಟಿಯ ಕಡೆಗೆ ಹೋಗತೊಡಗಿದರು. ನಮ್ಮ ಭಟ್ಟರು ಇಂದಿಗೂ ಮುಸುರೆ ಮುಟ್ಟುವುದಿಲ್ಲ. ನಾನು ಒತ್ತಾಯಿಸಲೂ ಇಲ್ಲ.

ಕಷ್ಟವಾದದ್ದು ಎಣ್ಣೆಯ ವಿಷಯ. ವಡೆ, ಬೋಂಡ ಕರಿದು ಉಳಿದ ಎಣ್ಣೆಗೆ ಮರುದಿನ ಹೊಸ ಎಣ್ಣೆ ಬೆರೆಸುವುದು ನನ್ನದೇ ಏರ್ಪಾಡಾಗಿತ್ತು. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದ್ದರೂ, ಅಳೆಯುವವರು ಬಂದಾಗ ನೋಡೋಣವೆಂದುಕೊಂಡಿದ್ದೆ. ಒಂದು ರಾತ್ರಿ ಬಾಣಲೆ ತಿಕ್ಕುತ್ತಿದ್ದ ಆ ಹೆಂಗಸು, ಪಕ್ಕದಲ್ಲಿ ಮುಚ್ಚಿಟ್ಟ ಕರಿ ಎಣ್ಣೆಯ ಡಬ್ಬಿಯನ್ನು ನೋಡಿ, “ಬಾಣಲಿ ಅಷ್ಟ ತಿಕ್ಕೂದೇನ್ರೀ?” ಎಂದರು. ಅಷ್ಟೇ. ಅವರ ಪಕ್ಕದಲ್ಲಿ ನಿಂತು ಲೋಟ ತೊಳೆಯುತ್ತಿದ್ದ ನನಗೆ ಉತ್ತರ ಸಿಗಲಿಲ್ಲ. ಈಗ ಉಳಿದ ಎಣ್ಣೆ ಬಯೋಡೀಸೆಲ್‌ಗಾಗಿ ಕೊಳ್ಳುವವರಿಗೆ ಹೋಗುತ್ತದೆ. ವಡೆಯ ಬೆಲೆಯನ್ನು ಎರಡು ರೂಪಾಯಿ ಏರಿಸಬೇಕಾಯಿತು, ಹಳೆಯ ಗಿರಾಕಿಗಳು ಕೆಲವರು ಗೊಣಗಿದರು. ಅವರಿಗೆ ಕಾರಣ ಹೇಳಿದರೆ ಹಿಂದಿನದನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ಕೇಳಿದವರಿಗೆ ಅದನ್ನೂ ಹೇಳಿದ್ದೇನೆ.

ಆ ಹೆಂಗಸು ಹೋದ ವರ್ಷ, ಮೊಮ್ಮಗಳನ್ನು ನೋಡಿಕೊಳ್ಳಲೆಂದು ಊರಿಗೆ ಮರಳಿದರು. ಅವರ ಜಾಗಕ್ಕೆ ಬಂದಿರುವ ಯುವಕ ಆರಡಿಗೆ ಹತ್ತಿರದವನು. ಅವನು ಬಾಗಿ ತೊಳೆಯುವುದನ್ನು ನೋಡಿ ತೊಟ್ಟಿಯನ್ನು ಇನ್ನೂ ನಾಲ್ಕು ಬೆರಳು ಎತ್ತರಿಸಬೇಕೆಂದು ಗೊತ್ತಾಯಿತು. ಸೋಮವಾರ ಬರಲು ಗಾರೆಯವನಿಗೆ ಹೇಳಿದ್ದೇನೆ.