ನನ್ನ ಪ್ರಬಂಧದಲ್ಲಿದ್ದ 11 ಮೋರ್‌ಓವರ್‌ಗಳು

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ರೈಟಿಂಗ್‌ನಲ್ಲಿ ಎರಡು ಸಲವೂ ನನಗೆ ಬಂದದ್ದು 6. ವ್ಯಾಕರಣ ತಕ್ಕಮಟ್ಟಿಗಿತ್ತು, ಸ್ಪೆಲ್ಲಿಂಗೂ ಸರಿ. ಮತ್ತೆ ಎಡವಿದ್ದೆಲ್ಲಿ? ಮನೆಯಲ್ಲಿ ಬರೆದಿದ್ದ ಹಳೇ ಪ್ರಬಂಧವೊಂದನ್ನು ತೆಗೆದು ಕೆಂಪು ಪೆನ್ನು ಹಿಡಿದು ಕೂತೆ. 270 ಪದಗಳಲ್ಲಿ ಮೋರ್‌ಓವರ್, ಫರ್ದರ್‌ಮೋರ್, ಇನ್ ಅಡಿಷನ್ ಎಲ್ಲ ಸೇರಿ 11! ಕೋಚಿಂಗ್‌ನಲ್ಲಿ ಕೊಟ್ಟ ಜೋಡಿಸುವ ಪದಗಳ ಪಟ್ಟಿಯನ್ನು ಒಗ್ಗರಣೆಗೆ ಸಾಸಿವೆ ಉದುರಿಸಿದ ಹಾಗೆ ಉದುರಿಸಿದ್ದೆ. ಕೊಹಿರೆನ್ಸ್ ಮತ್ತು ಕೊಹಿಷನ್‌ಗೆ, ಅಂದರೆ ವಿಚಾರಗಳ ಹರಿವು ಮತ್ತು ವಾಕ್ಯಗಳ ಜೋಡಣೆಗೆ, ಕಾಲು ಭಾಗ ಅಂಕ ಇರುವುದು ನಿಜ. ಆದರೆ ಜೋಡಿಸುವ ಪದ ಅತಿಯಾದರೂ ಅಂಕ ಹೋಗುತ್ತದೆ, ಪರೀಕ್ಷೆಯ ಮಾನದಂಡದಲ್ಲೇ ಇದೆ.

ಎಲ್ಲವನ್ನೂ ಹೊಡೆದುಹಾಕಿದೆ. ಎರಡೆರಡು ವಾಕ್ಯದ ನಡುವೆ ನಿಂತು ಕನ್ನಡದಲ್ಲೇ ಕೇಳಿಕೊಂಡೆ: ಇಲ್ಲಿ ‘ಆದರೆ’ ಬರುತ್ತೋ, ‘ಹಾಗಾಗಿ’ ಬರುತ್ತೋ, ‘ಅಷ್ಟೇ ಅಲ್ಲ’ ಬರುತ್ತೋ? ಯಾವುದೂ ಕೂರದಿದ್ದರೆ ಇಂಗ್ಲಿಷಿನಲ್ಲೂ ಬೇಡ. ಎಷ್ಟೋ ಕಡೆ ಹಿಂದಿನ ವಾಕ್ಯದ ವಿಷಯವನ್ನೇ ‘ದಿಸ್ ಡಿಲೇ’, ‘ಸಚ್ ಫೀಸ್’ ಅಂತ ಎತ್ತಿಕೊಂಡರೆ ಸಾಕಾಯಿತು. 11 ಇದ್ದದ್ದು 4ಕ್ಕೆ ಇಳಿಯಿತು.

ಇನ್ನೊಂದು ಚಾಳಿ, ‘ಆಲ್ದೋ’ ಅಂತ ಶುರುಮಾಡಿ ನಡುವೆ ‘ಬಟ್’ ತುರುಕುವುದು. ‘ಮಳೆ ಬಂದರೂ ಆದರೆ ಆಟ ನಿಲ್ಲಲಿಲ್ಲ’ ಅಂತ ಕನ್ನಡದಲ್ಲಿ ಯಾರಾದರೂ ಹೇಳುತ್ತಾರಾ? ಹಾಗೆ ಓದಿಕೊಂಡ ದಿನವೇ ಅದು ಬಿಟ್ಟುಹೋಯಿತು. ‘ಹೌಎವರ್’ ಮಾತ್ರ ಬಹಳ ಸತಾಯಿಸಿತು. ಎರಡು ಪೂರ್ತಿ ವಾಕ್ಯಗಳ ನಡುವೆ ಅದು ಬಂದರೆ ಹಿಂದೆ ಬರೀ ಕಾಮಾ ಸಾಲದು, ಪೂರ್ಣವಿರಾಮ ಇಲ್ಲವೇ ಸೆಮಿಕೋಲನ್ ಬೇಕು.

ಮೂರನೇ ಸಲ 7 ಬಂತು. ಸ್ಪೀಕಿಂಗ್ ಕತೆ ಬೇರೆಯೇ ಇದೆ.