ಅರ್ಧ ಅಡಿ ಮಣ್ಣಿಗೆ ಒಗ್ಗಿದ ಬಂದರಿಕೆ

ತುಮಕೂರಿನ ಹೊರವಲಯದ ನಮ್ಮ ಮನೆಯ ಮುಂದೆ ಹಾರೆ ಹಾಕಿದರೆ ಅರ್ಧ ಅಡಿಗೇ ಬಂಡೆ ತಾಗುತ್ತದೆ. ವರ್ಷವಿಡೀ ಹಸಿರಾಗಿದ್ದು, ಎದೆಯೆತ್ತರ ಮೀರದ ಗಿಡ ಅಲ್ಲಿ ಬೇಕಿತ್ತು. ನರ್ಸರಿಯವರು ಥೂಜಾ ತೋರಿಸಿದರು. ಚೆಲುವಾದ ಗಿಡವೇ, ಆದರೆ ಕಾದ ಬಂಡೆಯ ಮೇಲೆ ಬೇಸಿಗೆಯುದ್ದಕ್ಕೂ ಅದಕ್ಕೆ ನೀರುಣಿಸುವುದು ನಮ್ಮ ಬೋರ್‌ವೆಲ್‌ನಿಂದ ಆಗದ ಮಾತು.

ಉತ್ತರ ಸಿಕ್ಕಿದ್ದು ದೇವರಾಯನದುರ್ಗದ ದಾರಿಯಲ್ಲಿ. ಕಲ್ಲುಗಳ ಸಂದಿಯಲ್ಲಿ ಬಂದರಿಕೆ ತಾನಾಗಿ ಬೆಳೆದು ನಿಂತಿತ್ತು. ಸಸ್ಯಶಾಸ್ತ್ರದಲ್ಲಿ ಇದು ಡೊಡೊನಿಯಾ ವಿಸ್ಕೋಸಾ. ಅಂಟಂಟಾದ, ಹೊಳೆಯುವ ಕಿರಿದಾದ ಎಲೆ. ಹೂವು ಕಣ್ಣಿಗೆ ಬೀಳುವಂಥದ್ದಲ್ಲ, ಆದರೆ ರೆಕ್ಕೆಗಳಿರುವ ಕಾಯಿಗಳು ಕೆಂಪಡರಿದಾಗ ಯಾವ ಹೂವಿಗೂ ಕಡಿಮೆಯಿಲ್ಲ. ಆಡುಗಳೂ ಇದಕ್ಕೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಇಂಥ ಗಿಡವನ್ನು ಬರೀ ಸೌದೆಯೆಂದು ನೋಡುವುದು ನನಗೆ ಬೇಸರ ತರಿಸುತ್ತದೆ.

ನೆಡುವ ಮೊದಲು ಗುಂಡಿಗೆ ನೀರು ಸುರಿದು ನೋಡಿದೆ. ಬಂಡೆಯಲ್ಲಿ ಬಿರುಕಿದ್ದ ಕಡೆ ನೀರು ಇಳಿಯಿತು, ಅಲ್ಲಿಯೇ ನೆಟ್ಟೆ. ನೀರು ನಿಂತ ಜಾಗವನ್ನು ಬಿಟ್ಟೆ, ಏಕೆಂದರೆ ಬೇರು ನೆನೆದು ನಿಂತರೆ ಈ ಗಿಡ ತಾಳುವುದಿಲ್ಲ. ದೊಡ್ಡ ಗಿಡದ ಬದಲು ಗೇಣುದ್ದದ ಸಸಿಯನ್ನೇ ಆರಿಸಿದೆ; ಎಳೆಯ ಬೇರು ಬಿರುಕನ್ನು ಹುಡುಕಿಕೊಂಡು ಹೋಗುತ್ತದೆ. ಮುಂಗಾರಿನ ಆರಂಭದಲ್ಲಿ ನೆಟ್ಟು, ಬುಡಕ್ಕೆ ಒಣಎಲೆ ಹೊದಿಸಿ, ಮೊದಲ ಬೇಸಿಗೆಯಲ್ಲಿ ಮಾತ್ರ ನೀರು ಕೊಟ್ಟೆ. ಈಗ ಮಳೆಗಾಲ ಮುಗಿದ ಮೇಲೆ ತುದಿ ಕತ್ತರಿಸಿದರೆ ಸಾಕು, ಪೊದೆ ದಟ್ಟವಾಗುತ್ತದೆ.

ಬೀಜದಿಂದ ಬೆಳೆಸುವವರು ಅದನ್ನು ಬಿಸಿನೀರಿನಲ್ಲಿ ನೆನೆಸಿ ಬಿತ್ತಬೇಕು. ಸಿಪ್ಪೆ ಗಟ್ಟಿಯಿರುವುದರಿಂದ ಹಾಗೆಯೇ ಬಿತ್ತಿದರೆ ಮೊಳಕೆ ಸರಿಯಾಗಿ ಬರುವುದಿಲ್ಲ.