ಮರಳೇಡಿಯೊಳಗಿನ ಮುಳ್ಳುತಲೆ ಹುಳು: ಹುಡುಕಿ ಎಣಿಸುವುದು ಹೇಗೆ?

ಕ್ಯಾಲಿಫೋರ್ನಿಯಾದ ಮರಳು ತೀರಗಳಲ್ಲಿ ಅಲೆ ವಾಪಸ್ ಹೋಗುವಾಗ ಒದ್ದೆ ಮರಳಿನ ಮೇಲೆ ಪುಟ್ಟ ಪುಟ್ಟ 'ವಿ' ಗುರುತುಗಳು ಮೂಡುತ್ತವೆ. ಅದರಡಿ ಹುದುಗಿರುವುದು ಮರಳೇಡಿ. ವಿಜ್ಞಾನಿಗಳು ಕರೆಯುವುದು ಎಮೆರಿಟಾ ಅನಲೋಗಾ ಅಂತ. ಚಿವುಟೋಕೆ ಕೊಂಡಿಯೇ ಇಲ್ಲ, ಹಾಗಾಗಿ ಮಕ್ಕಳೂ ಧೈರ್ಯವಾಗಿ ಹಿಡಿಯಬಹುದು.

ಈ ಏಡಿಯ ಮೈಯೊಳಗೆ ಪ್ರೊಫಿಲಿಕೋಲಿಸ್ ಎಂಬ ಮುಳ್ಳುತಲೆ ಹುಳುವಿನ ಮರಿ ಇರಬಹುದು. ಬೆಳೆದ ಹುಳು ವಾಸಿಸುವುದು ಗಲ್ ಹಕ್ಕಿ, ಸರ್ಫ್ ಸ್ಕೋಟರ್ ಬಾತುಗಳ ಕರುಳಲ್ಲಿ. ಹಿಕ್ಕೆಯ ಜೊತೆ ಅದರ ಮೊಟ್ಟೆ ನೀರಿಗೆ ಬೀಳುತ್ತದೆ. ಗರಿಯಂಥ ಮೀಸೆಯಿಂದ ನೀರು ಸೋಸಿ ತಿನ್ನುವ ಏಡಿ ಆ ಮೊಟ್ಟೆಯನ್ನೂ ನುಂಗುತ್ತದೆ. ಮರಿ ಕರುಳಿನ ಗೋಡೆ ದಾಟಿ ಏಡಿಯ ಮೈಯ ಟೊಳ್ಳಿಗೆ ಬಂದು, ಹಕ್ಕಿ ತಿನ್ನುವವರೆಗೆ ಅಲ್ಲೇ ಇರುತ್ತದೆ.

ತೊಂದರೆ ಆಗುವುದು ಹಕ್ಕಿಯ ಬದಲು ಕಡಲ ನೀರುನಾಯಿ ಏಡಿ ತಿಂದಾಗ. ಹುಳು ಅದರ ಕರುಳನ್ನು ಕೊರೆದು ಹೊರಬರುತ್ತದೆ, ಹೊಟ್ಟೆಯೊಳಗೆಲ್ಲ ಸೋಂಕು ಹರಡಿ ನೀರುನಾಯಿ ಸಾಯುವುದೂ ಉಂಟು. ಅದಕ್ಕೇ ಅಲ್ಲಿ ಲಿಂಪೆಟ್ಸ್ ಎಂಬ ಕಾರ್ಯಕ್ರಮದಡಿ ಶಾಲಾ ಮಕ್ಕಳು ಏಡಿ ಅಳೆಯುತ್ತಾರೆ, ಹುಳು ಎಣಿಸುತ್ತಾರೆ. ಬೇ ಏರಿಯಾದಲ್ಲಿರುವ ಕನ್ನಡಿಗರು ಮಕ್ಕಳ ಜೊತೆ ಮಾಡಲು ಇದು ಒಳ್ಳೆಯ ಕೆಲಸ.

ಮೊದಲು ನಿಯಮ ನೋಡಿ. ಸಂರಕ್ಷಿತ ತೀರಗಳಿಂದ ಏಡಿ ತರುವಂತಿಲ್ಲ. ಬೇರೆ ಕಡೆಯೂ ಲೈಸೆನ್ಸ್ ಬೇಕೇ, ಎಷ್ಟು ಹಿಡಿಯಬಹುದು ಎಂದು ವಿಚಾರಿಸಿಕೊಳ್ಳಿ. ಬೇಸಿಗೆ ಒಳ್ಳೆಯ ಸಮಯ. ಚಳಿಗಾಲದ ದೊಡ್ಡ ಅಲೆಗಳು ಮರಳನ್ನೇ ಎಳೆದುಕೊಂಡು ಹೋಗುತ್ತವೆ, ಏಡಿ ಸಿಗುವುದು ಕಷ್ಟ.

ಅಲೆ ಬಂದು ಹೋಗುವ ಜಾಗದಲ್ಲಿ ಕೈಯಿಂದ ಮರಳು ತೋಡಿ ಜರಡಿಗೆ ಹಾಕಿ, ನೀರಲ್ಲಿ ಆಡಿಸಿ. ದೊಡ್ಡದನ್ನಷ್ಟೇ ಆರಿಸಬೇಡಿ, ಸಿಕ್ಕಿದ್ದನ್ನು ಸಿಕ್ಕ ಹಾಗೇ ತೆಗೆದುಕೊಳ್ಳಿ. ಇಪ್ಪತ್ತು ಸಾಕು. ಮನೆಗೆ ತಂದು ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಜೀವ ಇರುವಾಗ ಕೊಯ್ಯುವುದು ಬೇಡವೇ ಬೇಡ.

ಮರುದಿನ ಕೊಯ್ಯುವ ಮುಂಚೆಯೇ ಬೆನ್ನ ಚಿಪ್ಪಿನ ಉದ್ದವನ್ನು ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಿ. ಸುಮ್ನೆ ಹುಳು ಎಣಿಸಿದರೆ ಲೆಕ್ಕಕ್ಕೆ ಅರ್ಥವೇ ಇರಲ್ಲ. ದೊಡ್ಡ ಏಡಿ ಜಾಸ್ತಿ ದಿನ ಬದುಕಿದೆ, ಜಾಸ್ತಿ ಮೊಟ್ಟೆ ನುಂಗಿದೆ, ಹುಳುವೂ ಜಾಸ್ತಿ ಇರುವ ಸಾಧ್ಯತೆ ಇದೆ. ಬಾಲದ ಮಡಿಕೆ ಎತ್ತಿ ನೋಡಿ: ಕೂದಲಿನಂಥ ತೆಳು ಕಾಲುಗಳಿದ್ದರೆ ಹೆಣ್ಣು. ಕಿತ್ತಳೆ ಬಣ್ಣದ ಮೊಟ್ಟೆ ಅಂಟಿಕೊಂಡಿದ್ದರೆ ಅನುಮಾನವೇ ಇಲ್ಲ.

ಈಗ ಚಿಮಟದಿಂದ ಬೆನ್ನ ಚಿಪ್ಪನ್ನು ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಒಳಗಿನದನ್ನೆಲ್ಲ ಕಪ್ಪು ತಟ್ಟೆಯಲ್ಲಿ ಸ್ವಲ್ಪ ನೀರಿಗೆ ಬಿಡಿಸಿ ಹಾಕಿ, ಭೂತಗನ್ನಡಿಯಲ್ಲಿ ನೋಡಿ. ಎಳ್ಳಿನಂತೆ ಬೆಳ್ಳಗೆ, ಒಂದೆರಡು ಮಿಲಿಮೀಟರ್ ಉದ್ದದ ಕಾಳು ಕಂಡರೆ ಅದೇ ಹುಳು ಇರಬಹುದು. ಮಾಂಸದ ಚೂರೂ ಬೆಳ್ಳಗೇ ಇರುತ್ತದೆ, ಇಲ್ಲೇ ಎಲ್ಲರೂ ತಬ್ಬಿಬ್ಬಾಗುವುದು. ಚಿಮಟದ ತುದಿಯಿಂದ ತಟ್ಟಿ. ಮಾಂಸ ನಾರುನಾರಾಗಿ ಹರಿಯುತ್ತದೆ, ಹುಳು ಇಡಿಯಾಗಿ ಉರುಳುತ್ತದೆ. ಈ ಹಂತದಲ್ಲಿ ಅದರ ತಲೆ ಒಳಗೆ ಮಡಚಿಕೊಂಡಿರುವುದರಿಂದ ಮುಳ್ಳು ಕಾಣದಿದ್ದರೆ ನಿರಾಸೆ ಬೇಡ. ಯಾವ ಜಾತಿ ಎಂದು ಖಚಿತವಾಗಿ ಹೇಳಲು ಮೈಕ್ರೋಸ್ಕೋಪ್ ಬೇಕೇ ಬೇಕು. ಕೋರಿನೊಸೋಮಾ ಎಂಬ ಇನ್ನೊಂದು ಮುಳ್ಳುತಲೆ ಹುಳುವೂ ನೀರುನಾಯಿಗಳಲ್ಲಿ ಸಿಗುತ್ತದೆ, ಅದರಿಂದ ಅಷ್ಟು ಅಪಾಯವಿಲ್ಲ.

ಹುಳು ಸಿಗದ ಏಡಿಯ ಮುಂದೆ ಸೊನ್ನೆ ಬರೆಯಿರಿ. ಏನೂ ಸಿಗಲಿಲ್ಲವಲ್ಲ ಅಂತ ಬಿಟ್ಟುಬಿಟ್ಟರೆ ಇಡೀ ಲೆಕ್ಕ ಕೆಟ್ಟಿತು. 20 ಏಡಿಗಳಲ್ಲಿ 8ಕ್ಕೆ ಹುಳು ಇತ್ತು, ಒಟ್ಟು 24 ಹುಳು ಎಂದುಕೊಳ್ಳಿ. ಸೋಂಕು ತಗುಲಿದ್ದು 40 ಶೇಕಡಾ ಏಡಿಗಳಿಗೆ. ಅಂಥ ಒಂದೊಂದು ಏಡಿಗೆ ಸರಾಸರಿ 3 ಹುಳು. ಎರಡನ್ನೂ ಬೇರೆ ಬೇರೆ ಬರೆಯಿರಿ, ಜೊತೆಗೆ ತೀರದ ಹೆಸರು, ತಾರೀಖು.

ಕೊಯ್ದ ಏಡಿಯನ್ನು ಬಾಯಿಗಿಡುವ ಯೋಚನೆ ಬೇಡ. ಹುಳುವಿನ ಮಾತು ಹಾಗಿರಲಿ, ಕಡಲ ಪಾಚಿಯಿಂದ ಬರುವ ಡೊಮೊಯಿಕ್ ಆಮ್ಲ ಎಂಬ ವಿಷವೂ ಮರಳೇಡಿಯ ಮೈಯಲ್ಲಿ ಸೇರಿಕೊಳ್ಳುತ್ತದೆ. ಉಳಿದಿದ್ದನ್ನು ಕವರಿಗೆ ಹಾಕಿ ಗಂಟು ಕಟ್ಟಿ ಕಸಕ್ಕೆ ಹಾಕಿ, ತಟ್ಟೆ, ಚಿಮಟ, ಕೈ ಎಲ್ಲವನ್ನೂ ಸೋಪು ಹಚ್ಚಿ ತೊಳೆಯಿರಿ.